ಅಲುಗಲೊಲ್ಲದ ಸೇತುವೆ

ಆಫೀಸಿನಲ್ಲಿ ಅವಳಿಗೆ 'ಅಲ್ಲಾಡ್ಸೋ ಮೇಡಂ' ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಕ್ಯಾಂಟೀನಿನ ಗೋಡೆ ತೆಳು, ಅವಳ ಕಿವಿ ಚುರುಕು. ಕೆಲಸವೇ ಅಂಥದ್ದು. ಬೇರೆ ಎಂಜಿನಿಯರುಗಳು ಸೇತುವೆ ಅಲ್ಲಾಡದಂತೆ ನೋಡಿಕೊಂಡರೆ, ಇವಳು ಅದು ಅಲ್ಲಾಡುತ್ತದೋ ಇಲ್ಲವೋ, ಅಲ್ಲಾಡಿದರೆ ಎಷ್ಟು, ಎಷ್ಟು ನಿಧಾನವಾಗಿ ಎಂದು ಅಳೆಯುವವಳು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನೆಂಟರಿಗೆಲ್ಲ "ನಮ್ಮ ಸೊಸೆ ಸೇತುವೆ ಕಟ್ತಾಳೆ" ಎನ್ನುತ್ತಿದ್ದರು. ಒಂದು ದಿನ ಇವಳೇ ಬಾಯಿ ತಡೆಯಲಾರದೆ, "ಕಟ್ಟಲ್ಲ ಅತ್ತೆ, ಕಟ್ಟಿದ್ದನ್ನ ಅಳೀತೀನಿ" ಎಂದು ತಿದ್ದಿದಳು. ಅಂದಿನಿಂದ ಅತ್ತೆ ಆ ಮಾತು ಎತ್ತುವುದನ್ನೇ ಬಿಟ್ಟರು. ಕಟ್ಟಿದ್ದನ್ನು ಅಳೆಯುವುದು ನೆಂಟರ ಮುಂದೆ ಹೇಳಿಕೊಳ್ಳುವಂಥ ಕೆಲಸ ಎಂದು ಅವರಿಗೆ ಅನಿಸಲಿಲ್ಲ.

ಊರಿನ ನದಿಗೆ ಇದ್ದದ್ದು ಒಂದೇ ದೊಡ್ಡ ಸೇತುವೆ. ಮನೆ ಈ ದಡದಲ್ಲಿ, ಆಫೀಸು ಆ ದಡದಲ್ಲಿ. ದಿನಾ ಎರಡು ಹೊತ್ತು ಅವಳು ಅದರ ಮೇಲೆ ಹಾಯುತ್ತಿದ್ದಳು, ಹಾಯುವಾಗಲೆಲ್ಲ ಮನಸ್ಸು ಅದರ ಕೆಳಗಿರುತ್ತಿತ್ತು. ಕಂಬಗಳ ತಲೆಗೂ ಸೇತುವೆಯ ಹೊಟ್ಟೆಗೂ ನಡುವೆ, ಲಾರಿಯ ಚಕ್ರದಷ್ಟು ಅಗಲದ ಗುಂಡನೆಯ ಬೇರಿಂಗುಗಳಿದ್ದವು. ಒಂದು ಪದರ ರಬ್ಬರು, ಒಂದು ಪದರ ಉಕ್ಕಿನ ತಗಡು, ಮತ್ತೆ ರಬ್ಬರು, ಮತ್ತೆ ತಗಡು, ನಟ್ಟನಡುವೆ ಸೀಸದ ದಪ್ಪ ಗೂಟ. ಭೂಕಂಪದಲ್ಲಿ ನೆಲ ಗಡಗಡ ನಡುಗಿದರೆ ಕಂಬಗಳೂ ನಡುಗುತ್ತವೆ. ಆದರೆ ರಬ್ಬರು ಬಾಗಿ ಕೊಡುವುದರಿಂದ, ಮೇಲಿನ ಸೇತುವೆ ಆ ಗಡಿಬಿಡಿಗೆ ಸೊಪ್ಪು ಹಾಕದೆ ತನ್ನ ಪಾಡಿಗೆ ತಾನು ನಿಧಾನವಾಗಿ ಹೋಗಿ ಬರುತ್ತದೆ. ಆ ಓಡಾಟದ ಹುಮ್ಮಸ್ಸನ್ನು ಸೀಸ ನುಂಗಿಕೊಳ್ಳುತ್ತದೆ. ರಬ್ಬರು ಎಷ್ಟು ಮೆತ್ತಗಿದೆ, ಸೀಸ ಎಷ್ಟು ನುಂಗುತ್ತದೆ, ಇವೆರಡು ಗೊತ್ತಿದ್ದರೆ ಸೇತುವೆ ಭೂಕಂಪಕ್ಕೆ ತಾಳುತ್ತದೋ ಇಲ್ಲವೋ ಎಂದು ಹೇಳಬಹುದು. ಕಟ್ಟಿದಾಗ ಎರಡೂ ಗೊತ್ತಿದ್ದವು. ಆದರೆ ರಬ್ಬರಿಗೂ ವಯಸ್ಸಾಗುತ್ತದೆ, ಬಿಸಿಲಿಗೆ ಚಳಿಗೆ ಬಿರುಸಾಗುತ್ತದೆ. ಈಗ ಅದರ ಗುಣ ಹೇಗಿದೆ ಎಂದು ಕಂಡುಹಿಡಿಯುವುದು ಅವಳ ಪಾಲಿಗೆ ಬಂದ ಕೆಲಸ. ಕಿತ್ತು ತಂದು ಮೇಜಿನ ಮೇಲಿಟ್ಟು ಪರೀಕ್ಷಿಸೋಣವೆಂದರೆ, ಅದರ ಮೇಲೆ ಇಡೀ ಸೇತುವೆ ಕೂತಿದೆ.

ಆ ವರ್ಷ ಸೇತುವೆಯ ಉದ್ದಕ್ಕೂ ಸೆನ್ಸರುಗಳನ್ನಿಟ್ಟು, ಗಾಳಿಗೂ ಲಾರಿಗಳ ಓಡಾಟಕ್ಕೂ ಅದು ಎಷ್ಟು ಕಂಪಿಸುತ್ತದೆ ಎಂದು ಅಳೆದರು. ಅವಳ ಜೊತೆಗೆ ಒಬ್ಬ ಟೆಕ್ನಿಷಿಯನ್ ಇದ್ದ. ಎಲ್ಲರೂ ಅವನನ್ನು ಮೀಸೆ ಎನ್ನುತ್ತಿದ್ದರು. ಮೀಸೆ ಬೋಳಿಸಿ ವರ್ಷಗಳಾಗಿದ್ದರೂ ಹೆಸರು ಮಾತ್ರ ಉಳಿದುಕೊಂಡಿತ್ತು. ಇಬ್ಬರೂ ಕೂತು ಲೆಕ್ಕ ಹಾಕಿ ನೋಡಿದರೆ, ಬೇರಿಂಗುಗಳು ಇರಬೇಕಾದ್ದಕ್ಕಿಂತ ಎರಡರಷ್ಟು ಗಟ್ಟಿ.

ಸುದ್ದಿ ಕೇಳಿ ಮುಖ್ಯ ಎಂಜಿನಿಯರ್ ಸಾಹೇಬರ ಮುಖ ಅರಳಿತು. "ಅಂದ್ರೆ ರಬ್ಬರು ಕಲ್ಲಾಗಿದೆ. ಎಲ್ಲಾ ಬದಲಾಯಿಸಿಬಿಡೋಣ." ಬದಲಾಯಿಸುವುದೆಂದರೆ ದೊಡ್ಡ ಕೆಲಸ. ದೊಡ್ಡ ಕೆಲಸಕ್ಕೆ ಪತ್ರಿಕೆಯವರು ಬರುತ್ತಾರೆ.

"ಹಾಗೆ ಹೇಳೋಕಾಗಲ್ಲ ಸರ್. ಇದು ಸೇತುವೆ ಕೂದಲೆಳೆಯಷ್ಟು ಅಲುಗಿದಾಗ ಸಿಕ್ಕಿರೋ ಲೆಕ್ಕ. ಅಷ್ಟಕ್ಕೆಲ್ಲ ಸೀಸ ಜಗ್ಗಲ್ಲ, ಬಿಗಿಯಾಗೇ ಇರುತ್ತೆ. ಜೋರಾಗಿ ತಳ್ಳಿದಾಗಲೇ ಅದು ಸೋತು, ರಬ್ಬರು ಮೆತ್ತಗೆ ಬಾಗೋದು. ಭೂಕಂಪದಲ್ಲಿ ಆಗೋದು ಆ ಎರಡನೇದು. ಅದನ್ನ ನಾವಿನ್ನೂ ನೋಡೇ ಇಲ್ಲ."

"ಸ್ವಲ್ಪ ತಳ್ಳಿದ್ರೆ ಗಟ್ಟಿ, ಜೋರಾಗಿ ತಳ್ಳಿದ್ರೆ ಮೆತ್ತಗೆ. ನಮ್ಮ ಮನೇಲಿ ಇದರ ಉಲ್ಟಾ ಕಣಮ್ಮ," ಎಂದು ಸಾಹೇಬರು ನಕ್ಕರು. ಅವಳು ನಗಲಿಲ್ಲ. ಹಿಂದಿನ ಸಾಹೇಬರೂ ಇದನ್ನೇ ಹೇಳಿದ್ದರು, ಅವರಿಗಿಂತ ಹಿಂದಿನವರೂ.

ಒಂದು ದಾರಿ ಇತ್ತು. ಸೇತುವೆ ಕಟ್ಟುವಾಗ ಅದೇ ರಬ್ಬರಿನಲ್ಲಿ ಒಂದು ಜೊತೆ ಚಿಕ್ಕ ಬೇರಿಂಗುಗಳನ್ನು ಹೆಚ್ಚಿಗೆ ಮಾಡಿಸಿ, ಮುಂದೆ ಪರೀಕ್ಷೆಗೆ ಬೇಕಾಗುತ್ತವೆಂದು ಉಗ್ರಾಣದಲ್ಲಿಟ್ಟಿದ್ದರು. ಯಾರೋ ಪುಣ್ಯಾತ್ಮರಿಗೆ ಮುಂದಾಲೋಚನೆ ಇತ್ತಲ್ಲ ಎಂದು ಖುಷಿಯಿಂದಲೇ ಅವಳು ಉಗ್ರಾಣಕ್ಕೆ ಹೋದಳು. ಉಗ್ರಾಣದವನು ಒಳಗೆಲ್ಲ ಹುಡುಕಿ, ಕೊನೆಗೆ ಹಿತ್ತಲಿಗೆ ಕರೆದುಕೊಂಡು ಹೋಗಿ ಜನರೇಟರಿನ ಕೆಳಗೆ ಬೆರಳು ತೋರಿಸಿದ.

"ಅಗೋ ಅಲ್ಲಿದೆ ಮೇಡಂ. ಮುಂಚೆ ಜನರೇಟರ್ ಹಾಕಿದ್ರೆ ಕಿಟಕಿ ಗಾಜೆಲ್ಲ ಗಡಗಡ ಅನ್ನೋದು. ಇದನ್ನ ಕೆಳಗಿಟ್ಟ ಮೇಲೆ ಸದ್ದೇ ಇಲ್ಲ ನೋಡಿ."

"ಯಾರು ಇಡೋಕೆ ಹೇಳಿದ್ದು?"

"ನಾನು ಬರೋಕ್ಮುಂಚೇನೇ ಇತ್ತು."

ಅವಳು ಮಂಡಿಯೂರಿ ಬಗ್ಗಿ ನೋಡಿದಳು. ವರ್ಷಗಟ್ಟಲೆ ಸೋರಿದ ಡೀಸೆಲ್ ಕುಡಿದು ರಬ್ಬರು ಚಹಾದಲ್ಲಿ ಅದ್ದಿದ ಬ್ರೆಡ್ಡಿನ ಹಾಗೆ ಉಬ್ಬಿತ್ತು. ಬೆರಳಿಟ್ಟರೆ ಕಪ್ಪು ಅಂಟಿಕೊಂಡು ಬರುತ್ತಿತ್ತು. ಅದನ್ನು ಪರೀಕ್ಷಿಸಿದರೆ ಡೀಸೆಲ್ಲಿನ ಗುಣ ತಿಳಿದೀತೇ ಹೊರತು ರಬ್ಬರಿನದಲ್ಲ. ಹಣೆ ಹಣೆ ಚಚ್ಚಿಕೊಳ್ಳುವಂತಾಯಿತು. ಉಗ್ರಾಣದವನ ಮುಂದೆ ಚಚ್ಚಿಕೊಳ್ಳಲಾಗದೆ, ಕೈ ಒರೆಸಿಕೊಂಡು ಹಿಂದಿರುಗಿದಳು.

ಉಳಿದದ್ದು ಒಂದೇ ಉಪಾಯ. ಸೇತುವೆಯ ಒಂದು ತುದಿಯಲ್ಲಿ ದೊಡ್ಡ ಜ್ಯಾಕುಗಳನ್ನಿಟ್ಟು, ಇಡೀ ಸೇತುವೆಯನ್ನು ನಾಲ್ಕು ಬೆರಳಿನಷ್ಟು ಆಚೆಗೆ ತಳ್ಳಿ, ತಟ್ಟನೆ ಬಿಟ್ಟುಬಿಡುವುದು. ಅದು ಹೇಗೆ ಹೋಗಿ ಬರುತ್ತದೆ, ಎಷ್ಟು ಬೇಗ ನಿಲ್ಲುತ್ತದೆ ಎನ್ನುವುದರಿಂದ ರಬ್ಬರಿನದೂ ಸೀಸದ್ದೂ ಜಾತಕ ತಿಳಿಯುತ್ತದೆ. ಅದಕ್ಕೆ ಸೇತುವೆ ಮುಚ್ಚಬೇಕು. ಮುಚ್ಚಲು ಅಪ್ಪಣೆ ಬೇಕು. ಪೊಲೀಸರು ಮೊದಲು ಬಸ್ಸಿನವರು ಒಪ್ಪಲಿ ಎಂದರು. ಬಸ್ಸಿನವರು ಮೊದಲು ಪೊಲೀಸರು ಒಪ್ಪಲಿ ಎಂದರು. ನೀರಿನ ಇಲಾಖೆಯವರು, ಸೇತುವೆಯ ಬಗಲಲ್ಲಿ ತಮ್ಮ ಕೊಳವೆ ಇದೆ, ಸೇತುವೆಯನ್ನು ಬೇಕಾದರೆ ತಳ್ಳಿ, ಕೊಳವೆ ಮಾತ್ರ ಅಲುಗಕೂಡದು ಎಂದರು. ಅವಳು ಎಲ್ಲರ ಬಾಗಿಲಿಗೂ ಅಲೆದಳು. ಒಂದು ಬಾಗಿಲಲ್ಲಿ ಹೇಳಿದ್ದನ್ನು ಇನ್ನೊಂದರಲ್ಲಿ ಮೊದಲಿನಿಂದ ಹೇಳಬೇಕು, ಪ್ರತಿಯೊಬ್ಬರೂ ಕೇಳಿ ಆದ ಮೇಲೆ, "ಅಲ್ಲ ಮೇಡಂ, ಬಿದ್ದುಹೋದ್ರೆ?" ಎಂದು ಕೇಳುವರು.

ಮನೆಯಲ್ಲೂ ಅದೇ. ಊಟಕ್ಕೆ ಕೂತಾಗ ಅತ್ತೆ ಶುರು ಮಾಡಿದರು.

"ಸೇತುವೆ ಮುಚ್ತಾರಂತೆ. ನಿನ್ನದೇ ಕೆಲಸ ಅಂತೆ. ತನ್ನ ಪಾಡಿಗೆ ತಾನು ನಿಂತಿರೋದನ್ನ ಯಾಕೆ ತಳ್ತೀಯ?"

"ಗಟ್ಟಿಯಾಗಿಬಿಟ್ಟಿದೆಯಾ ಅಂತ ನೋಡೋಕೆ ಅತ್ತೆ."

"ಗಟ್ಟಿಯಾಗಿದ್ರೆ ಒಳ್ಳೇದೇ ಅಲ್ವಾ?"

ಇದೇ ಪ್ರಶ್ನೆ ಅವಳನ್ನು ಕೆಲಸಕ್ಕೆ ಸೇರಿದಾಗಿನಿಂದ ಬೆನ್ನು ಹತ್ತಿತ್ತು. "ಇಲ್ಲ ಅತ್ತೆ. ಗಟ್ಟಿಯಾಗಿರಬಾರದು."

"ಸೇತುವೆ ಗಟ್ಟಿಯಾಗಿರಬಾರದಂತೆ. ಕೇಳಿಸ್ಕೊಂಡ್ಯೇನಪ್ಪ," ಎಂದು ಅತ್ತೆ ಮಗನ ಕಡೆ ತಿರುಗಿದರು. ಅವಳ ಗಂಡನದು ಔಷಧಿ ಅಂಗಡಿ. ಎಂಥ ಡಾಕ್ಟರ ಕೋಳಿಕಾಲು ಬರಹವನ್ನಾದರೂ ಓದಬಲ್ಲವನು, ಹೆಂಡತಿಯ ಮುಖದಲ್ಲಿದ್ದದ್ದನ್ನು ಓದಲು ಹೋಗದೆ ಇನ್ನೊಂದು ಸೌಟು ಅನ್ನ ಬಡಿಸಿಕೊಂಡ.

ಅಂದು ಮೈದುನನೂ ಊಟಕ್ಕೆ ಬಂದಿದ್ದ. ರಸ್ತೆ ರಿಪೇರಿಯ ಗುತ್ತಿಗೆದಾರ, ಅತ್ತೆಯ ಕಣ್ಮಣಿ. "ಕೆಲಸ ಅಂದ್ರೆ ಇವನು ಮಾಡ್ತಾನಲ್ಲ, ಅದು," ಎಂದು ಅತ್ತೆ ಮುಂದುವರಿಸಿದರು. "ಸೇತುವೆ ಹತ್ತೋವಾಗ ಬಸ್ಸು ಧಡಕ್ ಅಂತ ಕುಕ್ಕರಿಸೋದು, ನನ್ನ ಸೊಂಟ ನನ್ನದಲ್ಲ ಅನ್ನಿಸೋದು. ಈಗ ನೋಡು, ಎಣ್ಣೆ ಸವರಿದ ಹಾಗೆ ಹೋಗುತ್ತೆ. ಊರಿಗೆ ಊರೇ ಹೊಗಳ್ತಾ ಇದೆ." ಮೈದುನ ತಲೆ ತಗ್ಗಿಸಿ ಮುಸಿಮುಸಿ ನಕ್ಕ. ಅವಳೂ ಕೇಳಿಸಿಕೊಂಡಳು, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ತಲೆಯೆಲ್ಲ ನೀರಿನ ಕೊಳವೆಯಲ್ಲಿತ್ತು.

ಕೊನೆಗೂ ಒಂದು ಭಾನುವಾರ ಬೆಳಗಿನ ಜಾವ ಸೇತುವೆ ಮುಚ್ಚಲು ಎಲ್ಲರೂ ಒಪ್ಪಿದರು. ಆಫೀಸಿನ ಕಡೆಯ ತುದಿಯಲ್ಲಿ ಜ್ಯಾಕುಗಳನ್ನು ಹೂಡಿದ್ದರು. ಸಾಹೇಬರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದು ನಿಂತರು. ದಡದಲ್ಲಿ ಜನ ಸೇರಿದ್ದರು. ಸೇತುವೆ ಬೀಳುವುದನ್ನು ನೋಡಲು ಬಂದವರೇ ಹೆಚ್ಚು. ಅವಳು ಕೈಯೆತ್ತಿದಳು, ಮೀಸೆ ಪಂಪು ಒತ್ತತೊಡಗಿದ. ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಮೆಲ್ಲಗೆ ಏರಿತು, ಸ್ವಲ್ಪ ದೂರ ಬಾಗಿತು, ಆಮೇಲೆ ಇದ್ದಕ್ಕಿದ್ದಂತೆ ನೆಟ್ಟಗೆ ಆಕಾಶಕ್ಕೆ ಹೊರಟಿತು. ಒತ್ತಡ ಏರುತ್ತಿದೆ, ಸೇತುವೆ ಹೋಗುತ್ತಿಲ್ಲ. ಒಂದು ಬೆರಳಿನಷ್ಟೂ ಹೋಗಲಿಲ್ಲ. ದೂರದ ತುದಿಯಿಂದ ಏನೋ ಕಿರಿಕಿರಿ ಸದ್ದು ಬಂತು.

"ಇನ್ನೂ ಒತ್ತಿದ್ರೆ ಜ್ಯಾಕೇ ಹೋಗುತ್ತೆ ಮೇಡಂ," ಎಂದ ಮೀಸೆ.

"ಬಿಟ್ಟುಬಿಡಿ."

ಬಿಟ್ಟರು. ಸೇತುವೆ ಅರೆಕ್ಷಣ ಮಿಸುಕಿ, ಬೆನ್ನು ನೋವಿನವರು ಮಗ್ಗುಲು ಬದಲಿಸಿದ ಹಾಗೆ ನರಳಿ ನಿಂತಿತು. ದಡದಲ್ಲಿ ಯಾರೋ "ಇಷ್ಟೇನಾ?" ಎಂದರು.

"ನಾನು ಹೇಳಲಿಲ್ವಾ," ಎಂದರು ಸಾಹೇಬರು, ಬೇಸರವೇ ಇಲ್ಲದೆ. "ಕಲ್ಲಾಗಿದೆ. ಬದಲಾಯಿಸೋದೇ ಸರಿ."

ಅವಳು ಪರದೆಯ ಮುಂದೆ ಕೂತು ಆ ಗೆರೆಯನ್ನೇ ದಿಟ್ಟಿಸಿದಳು. ಬೇರಿಂಗು ಮೊದಲು ಬಿಗಿಯಾಗಿದ್ದು ಆಮೇಲೆ ಮೆತ್ತಗಾಗಬೇಕು. ಇದು ಸ್ವಲ್ಪ ದೂರ ಹಾಗೆಯೇ ಹೋಗಿ, ಮೆತ್ತಗಾಗುವ ಹೊತ್ತಿಗೆ ಸರಿಯಾಗಿ, ಕತ್ತಲಲ್ಲಿ ನಡೆದವರ ಮೂಗು ಗೋಡೆಗೆ ತಗುಲಿದಂತೆ ನಿಂತುಬಿಟ್ಟಿದೆ. ರಬ್ಬರಿಗೆ ಎಷ್ಟೇ ವಯಸ್ಸಾಗಲಿ, ಮುಪ್ಪು ಹೀಗೆ ಒಂದೇ ಕಡೆ, ಒಂದೇ ಜಾಗದಲ್ಲಿ ಬರುವುದಿಲ್ಲ. ಸೇತುವೆ ಯಾವುದಕ್ಕೋ ಡಿಕ್ಕಿ ಹೊಡೆದಿತ್ತು.

ಛತ್ರಿಯನ್ನು ಊರುಗೋಲಿನಂತೆ ಹಿಡಿದು ಅವಳು ಮನೆಯ ಕಡೆಯ ತುದಿಗೆ ಸರಸರ ನಡೆದಳು, ಮೀಸೆ ಹಿಂದೆ ಓಡಿದ. ಸೇತುವೆ ಮುಗಿದು ದಡದ ಗೋಡೆ ಶುರುವಾಗುವಲ್ಲಿ ಒಂದು ಸಂದು ಇರಬೇಕಿತ್ತು, ಅಂಗೈ ಇಳಿಯುವಷ್ಟು ಅಗಲದ್ದು. ಸಂದು ಇರಲಿಲ್ಲ. ಕಪ್ಪಗೆ, ನುಣ್ಣಗೆ, ಅಂಚೇ ಕಾಣದಂತೆ ಡಾಂಬರು ಹಾಸಿತ್ತು. ಛತ್ರಿಯ ಮೊನೆಯಿಂದ ಕೆದಕಿದಳು. ಡಾಂಬರು ಎದ್ದಿತು, ಅದರ ಕೆಳಗೆ ಛತ್ರಿ ಠಣ್ ಎಂದಿತು. ಕಾಂಕ್ರೀಟು. ಸಂದಿನ ತುಂಬ, ಬಾಯಿಯವರೆಗೆ ಗಿಡಿದ ಕಾಂಕ್ರೀಟು.

ಎಣ್ಣೆ ಸವರಿದ ಹಾಗೆ, ಎಂದ ಅತ್ತೆಯ ಮಾತು ಆಗ ಅವಳ ಕಿವಿಗೆ ಬಿತ್ತು. ತಿಂಗಳುಗಟ್ಟಲೆ ದಿನಾ ಎರಡು ಹೊತ್ತು ಈ ನುಣುಪಿನ ಮೇಲೆ ತಾನೂ ಹಾಯ್ದಿದ್ದಳು. ಧಡಕ್ ನಿಂತದ್ದು ಯಾಕೆಂದು ಒಂದು ದಿನವಾದರೂ ಅವಳಿಗೆ ಹೊಳೆದಿರಲಿಲ್ಲ. ಮೈದುನನ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ಅವಳ ಮೇಲೆಯೇ ತಿರುಗಿತು. ಛತ್ರಿಯ ಮೊನೆ ಡೊಂಕಾಗಿತ್ತು.

ಮೈದುನನ ಮನೆಗೆ ನೇರ ಹೋದಳು. ಅವನು ಲುಂಗಿಯಲ್ಲಿ ಕೂತು ಗಡ್ಡ ಕೆರೆದುಕೊಳ್ಳುತ್ತಿದ್ದ, ಅರ್ಧ ಮುಖಕ್ಕೆ ಸೋಪಿನ ನೊರೆ.

"ಸೇತುವೆ ಸಂದಿಗೆ ಕಾಂಕ್ರೀಟ್ ತುಂಬಿದ್ದು ನೀನಾ?"

"ಹೌದು ಅತ್ತಿಗೆ. ಕಸ ತುಂಬ್ಕೊಂಡಿತ್ತು. ಕಸದ ಬದಲು ಕಾಂಕ್ರೀಟ್ ಹಾಕ್ದೆ."

"ಆ ಸಂದು ಖಾಲಿ ಇರೋಕೇ ಇರೋದು."

"ಖಾಲಿ ಇರ್ಲಿ ಅಂತ ಯಾರಾದ್ರೂ ಸಂದು ಮಾಡ್ತಾರಾ? ನಾನೇನೋ ಮೊದಲು ಕಟ್ಟಿದವರು ಮುಗಿಸದೇ ಬಿಟ್ಟುಹೋಗಿದಾರೆ ಅಂದ್ಕೊಂಡೆ."

ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. "ಬಿಸಿಲಿಗೆ ಸೇತುವೆ ಹಿಗ್ಗುತ್ತೆ, ಅದಕ್ಕೆ ಜಾಗ ಬೇಕು. ಭೂಕಂಪ ಬಂದ್ರೆ ಹೋಗಿ ಬರೋಕೆ ಜಾಗ ಬೇಕು. ಕೆಳಗೆ ಅಷ್ಟೊಂದು ರಬ್ಬರ್ ಇಟ್ಟು ಮೇಲೆ ಬಾಗಿಲಿಗೆ ಅಗುಳಿ ಹಾಕಿದ್ದೀಯ ನೀನು. ಆ ಕಡೆ ತುದೀಲಿ ಏನು ಮಾಡಿದ್ದೀಯ?"

"ಆ ಕಡೆದು ಮುಂದಿನ ತಿಂಗಳು ಮಾಡೋದಿತ್ತು," ಎಂದ ಅವನು. ಆಮೇಲೆ ಮುಖ ಗಂಟಿಕ್ಕಿದ. "ನನಗೆ ಯಾರೂ ಹೇಳಿಲ್ಲ ಅತ್ತಿಗೆ. ರಸ್ತೆ ಇಲಾಖೆಯವರು ಬಂದು ನೋಡಿ ಬೆನ್ನು ತಟ್ಟಿ ಹೋದ್ರು. ನೀವೂ ಅವತ್ತು ಊಟಕ್ಕೆ ಕೂತಾಗ ಏನೂ ಅನ್ನಲಿಲ್ಲ."

ಅವಳು ಡೊಂಕು ಛತ್ರಿಯನ್ನು ಬಗಲಿಗೆ ಸಿಕ್ಕಿಸಿಕೊಂಡು ಹೊರಟಳು. ಸಂಜೆಯ ಹೊತ್ತಿಗೆ ಅತ್ತೆಗೆ ವಿಷಯ ಮುಟ್ಟಿತ್ತು. "ಅವನು ಮಾಡಿದ್ದು ನನ್ನ ಸೊಂಟಕ್ಕೋಸ್ಕರ," ಎಂದು ಕಡ್ಡಿ ಮುರಿದ ಹಾಗೆ ಹೇಳಿ, ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು.

ಸಂದು ಬಿಡಿಸುವುದೇನು ಸುಲಭವಿತ್ತೇ? ಬೇರಿಂಗು ಅವಳ ಇಲಾಖೆಯದು, ಡಾಂಬರು ರಸ್ತೆ ಇಲಾಖೆಯದು. ಅಲ್ಲಿಯ ಅಧಿಕಾರಿ ಸಜ್ಜನ, ಕುರ್ಚಿ ಕೊಟ್ಟು ಚಹಾ ತರಿಸಿದರು. "ನೋಡಿ ಮೇಡಂ, ಕೆಟ್ಟಿದ್ರೆ ಮಾತ್ರ ಒಡೆಸಬಹುದು. ಅದು ಕೆಟ್ಟಿಲ್ಲ, ಚೆನ್ನಾಗೇ ಇದೆ. ಚೆನ್ನಾಗಿರೋದನ್ನ ಒಡೀರಿ ಅಂತ ನಾನು ಹೇಗೆ ಹೇಳ್ಲಿ?"

"ಚೆನ್ನಾಗಿರೋದೇ ತೊಂದರೆ ಸರ್."

ಅವರು ಅವಳ ಮುಖವನ್ನು ಅನುಕಂಪದಿಂದ ನೋಡಿ, ಚಹಾ ಆರುತ್ತದೆ ಕುಡಿಯಿರಿ ಎಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಅವಳಿಗೆ ಆ ಕಿರಿಕಿರಿ ಸದ್ದು ನೆನಪಾಯಿತು. ತಳ್ಳಿದಾಗ ದೂರದ ತುದಿಯಿಂದ ಬಂದದ್ದು. ಮೈದುನನಿಗೆ ಫೋನ್ ಮಾಡಿ, ಬಾ ಎಂದಳು. ಅವನು ಮುಖ ಊದಿಸಿಕೊಂಡೇ ಬಂದ. ಇಬ್ಬರೂ ದಡದ ಇಳಿಜಾರಿನಲ್ಲಿ ಕಲ್ಲು ಹಿಡಿದು ಇಳಿದು ಸೇತುವೆಯ ಕೆಳಗೆ ನಿಂತರು. ಪಾರಿವಾಳದ ಹಿಕ್ಕೆಯ ವಾಸನೆ. ಅವಳು ಟಾರ್ಚು ಬಿಟ್ಟಳು. ದಡದ ಗೋಡೆಯ ಮೇಲ್ಭಾಗದಲ್ಲಿ, ಸಂದು ತುಂಬಿದ ಕಡೆಯಿಂದ ಹೊರಟ ಒಂದು ಬಿರುಕು ಓರೆಯಾಗಿ ಕೆಳಗಿಳಿದಿತ್ತು. ಅಂಚು ಇನ್ನೂ ಬೆಳ್ಳಗಿತ್ತು, ಹೊಸದು.

ಮೈದುನ ಎಂಥವನಾದರೂ ಕಾಂಕ್ರೀಟಿನ ಜೊತೆ ಬದುಕಿದವನು. ಬಿರುಕಿನ ಮೇಲೆ ಬೆರಳಾಡಿಸಿದ, ಉಗುರು ಒಳಗಿಳಿಯಿತು. ಮುಖದ ಊತ ಇಳಿದುಹೋಯಿತು.

"ಇದು ನನ್ನಿಂದಾನಾ ಅತ್ತಿಗೆ?"

"ತುಂಬಿದ್ದು ನೀನು. ತಳ್ಳಿದ್ದು ನಾನು."

ಅವನು ಬಿರುಕಿನಿಂದ ಬೆರಳು ತೆಗೆದ. "ನಾಲ್ಕು ಬೆರಳು ತಳ್ಳಿದ್ದಕ್ಕೆ ಹೀಗಾದ್ರೆ, ನಿಜವಾಗ್ಲೂ ಭೂಕಂಪ ಬಂದಿದ್ರೆ?"

"ನಾಲ್ಕು ಬೆರಳು ಎಲ್ಲಿ ಹೋಯ್ತು. ಒಂದು ಬೆರಳೂ ಹೋಗಲಿಲ್ಲ," ಎಂದಳು ಅವಳು. ಬಯ್ಯಬೇಕೆಂದೇ ಕರೆಸಿದ್ದಳು, ಆದರೆ ಅವನ ಮುಖ ನೋಡಿ ಬಾಯಿ ಬರಲಿಲ್ಲ.

ಬಿರುಕು ಬಂದದ್ದೇ ಒಳ್ಳೆಯದಾಯಿತು. ಈಗ ಕೆಟ್ಟದ್ದು ಒಂದು ಇತ್ತು, ರಸ್ತೆ ಇಲಾಖೆಯವರು ಒಡೆಸಲು ಒಪ್ಪಿದರು. ಒಡೆಯಲು ಮೈದುನನೇ ಆಳುಗಳ ಜೊತೆ ಬಂದ. ಡ್ರಿಲ್ಲಿನ ಸದ್ದಿಗೆ ಬೀದಿಯ ಎರಡೂ ಬದಿಯ ಕಿಟಕಿಗಳು ಮುಚ್ಚಿಕೊಂಡವು. ಹಾದುಹೋಗುವವರು ನಿಂತು, ಚೆನ್ನಾಗಿದ್ದ ರಸ್ತೆ ಯಾಕಪ್ಪ ಅಗೀತೀಯ ಎಂದು ಕೇಳಿದರೆ, ಅವನು ತಲೆಯೆತ್ತದೆ ಅತ್ತಿಗೆಯ ಕಡೆ ಕೈ ತೋರಿಸುತ್ತಿದ್ದ. ಅವಳು ಅದನ್ನು ಹೊಟ್ಟೆಗೆ ಹಾಕಿಕೊಂಡಳು. ಕಾಂಕ್ರೀಟಿನ ಉಂಡೆಗಳ ಜೊತೆ ಸಂದಿನಿಂದ ಹಳೆಯ ಚಪ್ಪಲಿಯೊಂದು, ಚಪ್ಪಟೆಯಾದ ಬಾಟಲಿಗಳು ಎದ್ದು ಬಂದವು. ಕೊನೆಗೆ ಕೈ ಇಳಿಬಿಟ್ಟರೆ ಕೆಳಗಿನ ನದಿಯ ತಂಪು ಗಾಳಿ ತಗುಲಿತು.

ಗೋಡೆ ರಿಪೇರಿಯಾದ ಮೇಲೆ ಮತ್ತೊಮ್ಮೆ ಅಪ್ಪಣೆಗೆ ಅಲೆದದ್ದನ್ನು ಹೇಳಿ ಪ್ರಯೋಜನವಿಲ್ಲ. ಪೊಲೀಸರು ಬಸ್ಸಿನವರನ್ನು ಕೇಳಿ ಎಂದರು, ಅಷ್ಟೇ.

ಎರಡನೆಯ ಸಲ ನೋಡಲು ಜನ ಬರಲಿಲ್ಲ. ಮೀಸೆ ಪಂಪು ಒತ್ತಿದ. ಗೆರೆ ಏರಿತು, ಬಾಗಿತು, ಬಾಗಿಕೊಂಡೇ ಸಾಗಿತು. ಕಂಬದ ತಲೆಯ ಮೇಲಿನ ಬೇರಿಂಗಿನ ಪಕ್ಕೆ ನಿಧಾನವಾಗಿ ವಾಲುವುದು ಬರಿಗಣ್ಣಿಗೇ ಕಂಡಿತು. ಬಿಟ್ಟಾಗ ಸದ್ದೇ ಆಗಲಿಲ್ಲ. ಅಷ್ಟು ದೊಡ್ಡ ಸೇತುವೆ, ಮೇಲಿನ ದೀಪದ ಕಂಬಗಳ ಸಮೇತ, ನಿದ್ದೆಯಲ್ಲಿರುವವರ ಎದೆ ಏರಿಳಿಯುವಷ್ಟು ನಿಧಾನವಾಗಿ ಆಚೆ ಹೋಯಿತು, ಈಚೆ ಬಂತು, ಇನ್ನೊಮ್ಮೆ ಸ್ವಲ್ಪ ಹೋಯಿತು, ಸಾಕೆಂಬಂತೆ ನಿಂತಿತು. ಮೀಸೆ ಕಂಬಿಯ ಮೇಲಿಟ್ಟು ಮರೆತಿದ್ದ ಚಹಾ ಲೋಟ ಹಾಗೆಯೇ ನಿಂತಿತ್ತು. ಪರದೆಯ ಮೇಲೆ ಗೆರೆಗಳು ಕೂಡಿ, ಓರೆಯಾಗಿ ಮಲಗಿದ ಎಲೆಯಂಥ ಆಕಾರ ಮೂಡಿತ್ತು. ಎಲೆಯ ಓರೆ ರಬ್ಬರಿನ ಬಿಗಿ, ಎಲೆಯ ಹೊಟ್ಟೆ ಸೀಸದ ಹಸಿವು. ಪುಸ್ತಕದಲ್ಲಿ ಅಂಥ ಎಲೆಗಳನ್ನು ಎಷ್ಟೋ ನೋಡಿದ್ದಳು; ತನ್ನದೇ ಸೇತುವೆ ಬಿಡಿಸಿದ್ದನ್ನು ನೋಡಿರಲಿಲ್ಲ.

ರಬ್ಬರು ಹುಟ್ಟಿದಾಗ ಇದ್ದದ್ದಕ್ಕಿಂತ ಸ್ವಲ್ಪ ಬಿರುಸಾಗಿತ್ತು, ನಡುವಯಸ್ಸಿನವರ ಮಂಡಿಯಷ್ಟು. ಸೀಸ ಹೊಸದರಂತಿತ್ತು. ಬದಲಾಯಿಸುವ ಅಗತ್ಯವೇ ಇರಲಿಲ್ಲ.

ಸಾಹೇಬರು ವರದಿ ಓದಿ ಕನ್ನಡಕ ತೆಗೆದಿಟ್ಟರು. "ಎಲ್ಲಾ ಬದಲಾಯಿಸ್ತೀವಿ ಅಂತ ಪತ್ರಿಕೆಯವರಿಗೆ ಆಗಲೇ ಹೇಳಿಬಿಟ್ಟಿದ್ದೀನಲ್ಲಮ್ಮ. ಈಗ ಏನೂ ಆಗಿಲ್ಲ ಅಂತ ಹೇಗೆ ಹೇಳೋದು?"

"ಏನೂ ಆಗಿಲ್ಲ ಅಂತಾನೇ ಹೇಳಿ ಸರ್."

"ಅದನ್ನ ಯಾರು ಹಾಕ್ತಾರೆ?"

ಅವರು ಹೇಳಿದ್ದು ಸರಿಯಾಗಿತ್ತು, ಯಾರೂ ಹಾಕಲಿಲ್ಲ. ಸಂದಿಗೆ ಹಿಗ್ಗಿ ಕುಗ್ಗುವ ರಬ್ಬರಿನ ಪಟ್ಟಿ ಕೂರಿಸಿದರು, ಬಸ್ಸು ಮತ್ತೆ ಧಡಕ್ ಎನ್ನತೊಡಗಿತು. ಅತ್ತೆ ಸೋಫಾದ ದಿಂಬೊಂದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುವರು, ಪಕ್ಕದವರು ಕೇಳಿದರೆ, "ನನ್ನ ಸೊಸೆಯ ದಯೆ" ಎನ್ನುವರು. ಮಾತು ಬಿಟ್ಟಿದ್ದವರು ಅಷ್ಟರಲ್ಲಿ ಮಾತಿಗೆ ಬಂದಿದ್ದರು, ಯಾಕೆಂದರೆ ಮಾತಿಲ್ಲದೆ ಬಯ್ಯುವುದು ಕಷ್ಟ.

ಹೀಗೇ ಒಂದು ವರ್ಷ ಕಳೆಯಿತು. ಅವಳು ಹಟ ಹಿಡಿದು ಸೇತುವೆಯ ಕೆಳಗೆ ಒಂದು ಪೆಟ್ಟಿಗೆ ಕೂರಿಸಿದ್ದಳು, ಭೂಮಿ ನಡುಗಿದರೆ ಸೇತುವೆ ಹೇಗೆ ನಡೆದುಕೊಳ್ಳುತ್ತದೆ ಎಂದು ತಾನೇ ದಾಖಲಿಸಿಕೊಳ್ಳುವಂಥದ್ದು. ಜ್ಯಾಕಿನಿಂದ ಎಷ್ಟು ತಳ್ಳಿದರೂ ಅದು ಅಭ್ಯಾಸ. ನಿಜವಾದ ಪರೀಕ್ಷೆ ನೆಲವೇ ಮಾಡಬೇಕು.

ಒಂದು ಮಧ್ಯಾಹ್ನ ನೆಲ ನಡುಗಿತು. ಆಫೀಸಿನ ಕಪಾಟುಗಳು ಕಟಕಟಿಸಿದವು, ಟ್ಯೂಬ್‌ಲೈಟು ತೂಗಿತು, ಎಲ್ಲರೂ ಮೆಟ್ಟಿಲಿಳಿದು ಓಡಿದರು. ದೊಡ್ಡದೇನಲ್ಲ, ಯಾವ ಮನೆಯೂ ಬೀಳಲಿಲ್ಲ, ಆದರೆ ಅವಳಿಗೆ ಬೇಕಾದಷ್ಟಿತ್ತು. ಎಲ್ಲರೂ ಮನೆಗೆ ಫೋನ್ ಮಾಡುತ್ತಿದ್ದರೆ ಅವಳು ಸೇತುವೆಯತ್ತ ಓಡಿದಳು.

ಪೆಟ್ಟಿಗೆಯ ದೀಪ ಆರಿತ್ತು. ಅದರ ಪ್ಲಗ್ಗು ಕೆಳಗೆ ಜೋತಾಡುತ್ತಿತ್ತು, ಪ್ಲಗ್ಗಿನ ಜಾಗದಲ್ಲಿ ಒಂದು ಟೇಬಲ್ ಫ್ಯಾನು ಗಿರ್ರೆಂದು ತಿರುಗುತ್ತಿತ್ತು. ಎದುರಿಗೆ ಕುರ್ಚಿಯಲ್ಲಿ ಸೇತುವೆಯ ಕಾವಲುಗಾರ, ಇನ್ನೂ ಎದೆ ಹಿಡಿದುಕೊಂಡಿದ್ದ.

"ಇದನ್ನ ಯಾಕೆ ಕಿತ್ತಿದ್ದು?"

"ಸೆಖೆ ಮೇಡಂ. ಅದೇನೋ ಹಸಿರು ದೀಪ ಸುಮ್ನೆ ಮಿಣುಕ್ತಾ ಇತ್ತು. ಕೆಲಸ ಇಲ್ದೇ ಕರೆಂಟು ತಿಂತಾ ಇದೆ ಅಂದ್ಕೊಂಡೆ."

ಒಳಗಿನ ಬ್ಯಾಟರಿ ಎಂದೋ ಕಣ್ಣು ಮುಚ್ಚಿತ್ತು. ಹೊಸದು ಬೇಕೆಂದು ಅವಳು ಕೇಳಿದ್ದಳು, ಮೀಸೆ ಕೇಳಿದ್ದ, ಸಾಹೇಬರು ನೋಡೋಣ ಎಂದಿದ್ದರು. ಅವಳು ಆ ಪ್ಲಗ್ಗನ್ನು ಕೈಯಲ್ಲಿ ಹಿಡಿದು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು. ಇಷ್ಟು ವರ್ಷ ಕೇಳಿದ ಪ್ರಶ್ನೆಗೆ ಸೇತುವೆ ಬಾಯಿಬಿಟ್ಟು ಉತ್ತರ ಕೊಟ್ಟ ದಿನ ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ.

ಆಗ ಗಂಡನ ಫೋನ್ ಬಂತು. ಯಾವಾಗಲೂ ಮೆಲ್ಲಗೆ ಮಾತಾಡುವವನ ದನಿ ಒಡೆದಿತ್ತು. "ಅಮ್ಮ ಫೋನ್ ತೆಗೀತಿಲ್ಲ. ಕಣ್ಣು ತೋರಿಸ್ಕೊಂಡು ಬರ್ತೀನಿ ಅಂತ ಬಸ್ಸಲ್ಲಿ ಹೋಗಿದ್ರು. ನೀನು ಎಲ್ಲಿದ್ದೀಯ?"

ಅವಳು ತಲೆಯೆತ್ತಿ ನೋಡಿದಳು. ಸೇತುವೆಯ ನಡುಮಧ್ಯದಲ್ಲಿ ಬಸ್ಸೊಂದು ನಿಂತಿತ್ತು. ಮನೆಯವರ ನೆನಪೇ ಆಗಲಿಲ್ಲವಲ್ಲ ಎಂದು ಆಗ ಚುರುಕ್ ಎಂದಿತು. ಪ್ಲಗ್ಗು ಕೈಬಿಟ್ಟು, ಇಳಿಜಾರು ಹತ್ತಿ, ಸೆರಗು ಸಿಕ್ಕಿಸಿಕೊಂಡು ಓಡಿದಳು. ಪ್ರಯಾಣಿಕರು ಇಳಿದು ಗುಂಪುಗುಂಪಾಗಿ ಕಂಬಿ ಹಿಡಿದು ನಿಂತಿದ್ದರು. ಅತ್ತೆ ಮಾತ್ರ ಬಸ್ಸಿನೊಳಗೆ ಕಿಟಕಿ ಪಕ್ಕ ಕೂತಿದ್ದರು, ತೊಡೆಯ ಮೇಲೆ ಕೈಚೀಲ.

"ಇಳೀರಿ ಅತ್ತೆ," ಎಂದಳು ಏದುಸಿರು ಬಿಡುತ್ತಾ.

"ಯಾಕೆ ಇಳೀಬೇಕು? ಟಿಕೆಟ್ ತಗೊಂಡಿದ್ದೀನಿ."

"ಫೋನ್ ಯಾಕೆ ತೆಗೀಲಿಲ್ಲ?"

"ಚೀಲದ ತಳದಲ್ಲಿದೆ. ಆಮೇಲೆ ತೆಗೆದ್ರಾಯ್ತು ಅಂತ," ಎಂದ ಅತ್ತೆಯ ಬೆರಳುಗಳು ಚೀಲದ ಹಿಡಿಯನ್ನು ಬೆಳ್ಳಗಾಗುವಷ್ಟು ಬಿಗಿ ಹಿಡಿದಿದ್ದವು. ಅವಳು ಮೊದಲು ಗಂಡನಿಗೆ ಫೋನ್ ಮಾಡಿ ಸಮಾಧಾನ ಹೇಳಿದಳು. ಆಮೇಲೆ ಬಸ್ಸು ಹತ್ತಿ ಅತ್ತೆಯ ಪಕ್ಕದಲ್ಲಿ ನಿಂತು, ಅವರ ಬೆನ್ನ ಮೇಲೆ ಕೈಯಿಟ್ಟಳು.

"ಭಯ ಆಯ್ತಾ?"

"ಶುರೂನಲ್ಲಿ ಆಯ್ತು. ದಡದ ಮೇಲೆ ಆ ಮರ, ಕರೆಂಟು ಕಂಬ, ಎಲ್ಲಾ ಗಡಗಡ ಅಂತಿತ್ತು. ಆದ್ರೆ ಇಲ್ಲಿ ಹಾಗಾಗಲಿಲ್ಲ ಕಣೆ." ಅತ್ತೆ ಚೀಲ ಬಿಟ್ಟು ಕೈಯೆತ್ತಿದರು. "ಹೀಗೆ ಹೋಯ್ತು. ಹೀಗೆ ಬಂತು. ದೋಣೀಲಿ ಕೂತ ಹಾಗೆ."

ಅವಳು ಆ ಕೈಯನ್ನೇ ನೋಡಿದಳು. ಚರ್ಮ ಸುಕ್ಕಾದ, ಬಳೆ ಸಡಿಲವಾದ ಕೈ ಗಾಳಿಯಲ್ಲಿ ಮೆಲ್ಲಗೆ ಆಚೆ ಹೋಗಿ ಈಚೆ ಬರುತ್ತಿತ್ತು.  ಊರಿನಲ್ಲಿ ಈಗ ಉಳಿದಿರುವ ದಾಖಲೆ ಇದೊಂದೇ.

"ಇನ್ನೊಂದ್ಸಲ ತೋರಿಸಿ ಅತ್ತೆ," ಎಂದು ಗಡಿಯಾರದ ಮುಖ ತನ್ನ ಕಡೆ ತಿರುಗಿಸಿಕೊಂಡಳು.

ಅತ್ತೆ ತೋರಿಸಿದರು. ಹೋಗಿ ಬರಲು ಎರಡು ಸೆಕೆಂಡು. ಅಂದು ಪರದೆಯ ಮೇಲೆ ಮೂಡಿದ ಎಲೆ ಹೇಳಿದ್ದೂ ಅಷ್ಟೇ. "ಇನ್ನೊಂದ್ಸಲ." ಈ ಸಲ ಮೂರಾಯಿತು. "ಅಷ್ಟು ನಿಧಾನ ಇತ್ತಾ? ನೆನಪು ಮಾಡ್ಕೊಳ್ಳಿ." ಈ ಸಲ ಒಂದೂವರೆ.

"ಒಂದೊಂದ್ಸಲ ಒಂದೊಂಥರ ತೋರಿಸ್ತಿದ್ದೀರಲ್ಲ ಅತ್ತೆ."

"ನಾನೇನು ನಿನ್ನ ಮೆಷೀನಾ?" ಎಂದು ಅತ್ತೆ ಗದರಿದರು. "ಭೂಮಿ ಅಲ್ಲಾಡ್ತಿರೋವಾಗ ಗಡಿಯಾರ ನೋಡ್ಕೊಂಡು ಕೂತಿರ್ಲಾ?"

ಕಂಡಕ್ಟರು ಹೊರಗೆ ಸೀಟಿ ಊದಿದ. ಜನ ಒಬ್ಬೊಬ್ಬರಾಗಿ ಹತ್ತಿದರು, ಬಸ್ಸು ಕೆಮ್ಮಿ ಸ್ಟಾರ್ಟ್ ಆಯಿತು. ಈ ಲೆಕ್ಕವನ್ನು ಯಾವ ವರದಿಯಲ್ಲೂ ಬರೆಯುವಂತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟು, ಕಿಟಕಿಯ ಕಡೆ ಜರುಗಿ ಜಾಗ ಮಾಡಿಕೊಟ್ಟರು.

"ಕೂತ್ಕೋ ಇಲ್ಲಿ. ಕಣ್ಮುಚ್ಕೊಂಡು ಒಂದೇ ಒಂದ್ಸಲ ತೋರಿಸ್ತೀನಿ. ಮಧ್ಯೆ ಮಾತಾಡಿದ್ರೆ ಅಷ್ಟೇ."